ಮಜ್ಜೋರೆಗೆ ಹೊರಡುವ ಮುನ್ನ ಸಲೀಂಗಢ

ಶಾಲೆಗಳಿಗೆ ಬೇಸಿಗೆ ರಜೆ ಹತ್ತಿರ ಬಂತೆಂದರೆ ಗುರುಗ್ರಾಮ, ನೊಯ್ಡಾ, ದ್ವಾರಕಾದ ಕನ್ನಡ ಮನೆಗಳಲ್ಲಿ ಊರಿಗೆ ಹೋಗುವ ರೈಲಿನ ಮಾತು ಶುರುವಾಗುತ್ತಿತ್ತು. ಈಗ ಅದರ ಜೊತೆಗೆ ಇಟಲಿಯ ಮಾತೂ ಕೇಳಿಬರುತ್ತದೆ. ಮಿಲಾನಿನಿಂದ ಒಂದೆರಡು ಗಂಟೆಯೊಳಗೆ ತಲುಪಬಹುದಾದ ಮಜ್ಜೋರೆ ಸರೋವರ, ಅದರ ದಡದ ಸ್ತ್ರೇಸಾ ಪಟ್ಟಣ, ಎದುರಿಗೆ ನೀರಿನಲ್ಲಿ ಮೂರು ದ್ವೀಪ: ಈಸೊಲಾ ಬೆಲ್ಲಾ, ಈಸೊಲಾ ಮಾದ್ರೆ, ಈಸೊಲಾ ದೇಯಿ ಪೆಸ್ಕಾತೋರಿ. ಕೈಯಲ್ಲಿರುವುದು ಒಂದು ದಿನ, ಯಾವುದಕ್ಕೆ ಹೋಗೋಣ ಎಂದು ಕೇಳುತ್ತಾರೆ. ಮೂರನ್ನೂ ಒಂದೇ ದಿನದಲ್ಲಿ ಮುಗಿಸುವುದು ಕಷ್ಟವಲ್ಲ, ಬಹಳ ಜನ ಹಾಗೇ ಮಾಡುತ್ತಾರೆ. ಹಾಗೆ ಮಾಡಬೇಡಿ ಎನ್ನುವವನು ನಾನು. ಆರಿಸಿಕೊಳ್ಳಿ. ಆರಿಸುವಾಗ ಅರಮನೆ, ತೋಟ, ಹೋಟೆಲುಗಳಿಗಿಂತ ಮೊದಲು ಒಂದು ವಿಷಯ ನೋಡಿ: ಆ ನೆಲಕ್ಕೂ ಸುತ್ತಲಿನ ನೀರಿಗೂ ಇನ್ನೂ ವ್ಯವಹಾರ ಉಳಿದಿದೆಯೇ?

ಇದನ್ನು ಕಲಿಯಲು ದೆಹಲಿಯೇ ಸಾಕು. ನೀರು ಬಿಟ್ಟುಹೋದ ದ್ವೀಪಗಳು ಇಲ್ಲಿವೆ.

ಕೆಂಪುಕೋಟೆಯ ಉತ್ತರಕ್ಕೆ ಅಂಟಿಕೊಂಡಂತಿರುವ ಸಲೀಂಗಢವನ್ನು ಶೇರ್ ಶಾಹನ ಮಗ ಇಸ್ಲಾಂ ಶಾಹ ಸೂರಿ 1546ರಲ್ಲಿ ಕಟ್ಟಿಸಿದ್ದು ಯಮುನೆಯ ನಡುಗಡ್ಡೆಯ ಮೇಲೆ. ಆಗ ಕೆಂಪುಕೋಟೆ ಇರಲೇ ಇಲ್ಲ, ಅದು ಬಂದದ್ದು ಸುಮಾರು ಒಂದು ಶತಮಾನದ ನಂತರ. ಎರಡು ಕೋಟೆಗಳ ನಡುವೆ ಹೊಳೆಯ ಒಂದು ಕವಲು ಹರಿಯುತ್ತಿತ್ತು. ಸುತ್ತ ನೀರಿದ್ದ ಈ ಜಾಗ ಮೊಗಲರಿಗೆ ಸೆರೆಮನೆಯಾಗಿ ಒದಗಿತು. ಔರಂಗಜೇಬ ತನ್ನ ಮಗಳು, ಕವಯಿತ್ರಿ ಜೇಬುನ್ನಿಸಾಳನ್ನು ಇಟ್ಟದ್ದು ಇಲ್ಲೇ. 1945ರಲ್ಲಿ ಆಜಾದ್ ಹಿಂದ್ ಫೌಜಿನ ಸೈನಿಕರು ಬಂದಿಗಳಾಗಿದ್ದದ್ದೂ ಇಲ್ಲೇ. 1860ರ ದಶಕದಲ್ಲಿ ಯಮುನೆಗೆ ಕಬ್ಬಿಣದ ಸೇತುವೆ ಬಂದಾಗ ರೈಲುಹಳಿಯನ್ನು ಕೋಟೆಯನ್ನು ಸೀಳಿಕೊಂಡೇ ಹಾಕಿದರು. ಹೊಳೆ ಪೂರ್ವಕ್ಕೆ ಸರಿಯಿತು, ಅದು ಬಿಟ್ಟ ಪಾತ್ರದಲ್ಲಿ ಈಗ ರಿಂಗ್ ರಸ್ತೆ. ಕಾಶ್ಮೀರಿ ಗೇಟಿನಿಂದ ಬಸ್ಸಿನಲ್ಲಿ ಬರುವಾಗ ಒಂದು ಪಕ್ಕದಲ್ಲಿ ಎತ್ತರದ ಒರಟು ಕಲ್ಲಿನ ಗೋಡೆ, ಉರುಟಾದ ಬುರುಜುಗಳು ಕಾಣುತ್ತವೆ. ದಿನವೂ ಅದರ ಕೆಳಗೆ ಹಾದುಹೋಗುವ ಸಾವಿರಾರು ಜನರಲ್ಲಿ ಇದು ದ್ವೀಪವೆಂದು ತಿಳಿದವರು ಎಷ್ಟು ಮಂದಿ?

ತಿಳಿಸಿದ್ದು ಹೊಳೆಯೇ. 2023ರ ಜುಲೈ 13ರಂದು ಯಮುನೆ 208.66 ಮೀಟರಿಗೆ ಏರಿತು. 1978ರ 207.49 ಮೀಟರ್ ದಾಖಲೆ ಮುರಿಯಿತು. ಕೆಂಪುಕೋಟೆಯ ಹಿಂಗೋಡೆಗೆ ನೀರು ಬಂತು, ರಿಂಗ್ ರಸ್ತೆ ಮುಳುಗಿತು. ಖಾದರ್ ಎನ್ನುವ ಹೊಳೆಬದಿಯ ತಗ್ಗಿನಲ್ಲಿ ಗುಡಿಸಲು ಕಟ್ಟಿಕೊಂಡು ತರಕಾರಿ ಬೆಳೆಯುವ ಜನ ಎಮ್ಮೆಗಳನ್ನು ಹೊಡೆದುಕೊಂಡು ಮೇಲ್ಸೇತುವೆಗಳ ಕೆಳಗೆ ಬಂದು ಕೂತರು. ಅವರ ಪಾಲಿಗೆ ಅದು ದುರಂತ. ಹೊಳೆ ಮಾತ್ರ ತನ್ನ ಹಳೆಯ ದಾರಿಯಲ್ಲೇ ನಡೆದಿತ್ತು.

ಮೆಹ್ರೌಲಿಯ ಹೌಜ್-ಎ-ಶಂಸಿಯ ಕತೆಯೂ ಇಂಥದ್ದೇ. ಇಲ್ತಮಶ್ ಹದಿಮೂರನೆಯ ಶತಮಾನದಲ್ಲಿ ತೋಡಿಸಿದ ಕೆರೆ ಅದು. ನೂರು ವರ್ಷದ ನಂತರ ಬಂದ ಇಬ್ನ್ ಬತೂತಾ ಅದರ ನಡುವಿನ ಕಲ್ಲುಮಂಟಪದ ವಿಷಯ ಬರೆದಿದ್ದಾನೆ: ಕೆರೆ ತುಂಬಿದ್ದರೆ ದೋಣಿಯಲ್ಲೇ ಹೋಗಬೇಕು, ನೀರಿಳಿದರೆ ಜನ ನಡೆದೇ ಒಳಗೆ ಹೋಗುತ್ತಾರೆ. ಕೆರೆ ಕುಗ್ಗುತ್ತ ಬಂದು, ಕಂಬಗಳ ಮೇಲೆ ಗುಮ್ಮಟ ಹೊತ್ತ ಕೆಂಪುಕಲ್ಲಿನ ಮಂಟಪ ಈಗ ದಡದ ಪಕ್ಕದಲ್ಲೇ ನಿಂತಿದೆ.

ನಮ್ಮ ಕಡೆಯಲ್ಲೂ ಹೀಗೆ ಮರೆತದ್ದುಂಟು. ಶ್ರೀರಂಗಪಟ್ಟಣ ಕಾವೇರಿಯ ದ್ವೀಪವೆಂದು ಪಾಠದಲ್ಲಿ ಓದಿದವರೂ ಸೇತುವೆ ದಾಟುವಾಗ ಅದನ್ನು ನೆನೆಯುವುದಿಲ್ಲ. ಆದರೆ ಉಡುಪಿಯ ಕೆಮ್ಮಣ್ಣಿನ ಹತ್ತಿರದ ಪಡುಕುದ್ರು, ತಿಮ್ಮಣ್ಣಕುದ್ರು ಎಂಬ ನಡುಗಡ್ಡೆಗಳಿಗೆ ಹೋಗಿ ನೋಡಿ. ತೂಗುಸೇತುವೆಯ ಮೇಲೆ ಹಲಗೆ ಅಲುಗುತ್ತದೆ, ಕೆಳಗೆ ಭರತ ಇಳಿತ ನಡೆದಿರುತ್ತದೆ, ಕುದ್ರುವಿನ ಮನೆಯವರಿಗೆ ಬಾವಿನೀರು ಯಾವಾಗ ಉಪ್ಪಾದೀತೆಂಬ ಯೋಚನೆ. ಅಲ್ಲಿ ನೀರು ಬರಿಯ ನೋಟವಲ್ಲ, ಬದುಕಿನ ಲೆಕ್ಕಾಚಾರ.

ಈ ಕಣ್ಣಿನಿಂದ ಮಜ್ಜೋರೆಯನ್ನು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಎಲ್ಲರೂ ಮೊದಲು ಇಳಿಯುವ ಈಸೊಲಾ ಬೆಲ್ಲಾ ಹಿಂದೆ ಬೆಸ್ತರ ಗುಡಿಸಲುಗಳಿದ್ದ ಬಂಡೆ. 1632ರಲ್ಲಿ ಬೊರೊಮಿಯೊ ಮನೆತನದ ಮೂರನೆಯ ಕಾರ್ಲೋ ಹೆಂಡತಿ ಇಸಬೆಲ್ಲಾಳ ಹೆಸರಿನಲ್ಲಿ ಅಲ್ಲಿ ಅರಮನೆ ಎಬ್ಬಿಸಲು ಹೊರಟ. ಮೆಟ್ಟಿಲುಮೆಟ್ಟಿಲಾದ ತೋಟ, ಬಿಳಿ ನವಿಲು, 1935ರಲ್ಲಿ ಮುಸೊಲಿನಿಯೊಡನೆ ಬ್ರಿಟನ್, ಫ್ರಾನ್ಸಿನ ಪ್ರಧಾನಿಗಳು ಕೂತ ಸಭಾಂಗಣ, ಎಲ್ಲವೂ ಇವೆ. ಚೆಂದವೇ ಸರಿ. ಆದರೆ ಬಂಡೆಯೇ ಕಾಣದಷ್ಟು ಕಟ್ಟಿಬಿಟ್ಟಿದ್ದಾರೆ. ಸಮಯ ಕಡಿಮೆ ಇದ್ದರೆ ನಾನು ಬಿಡುವುದು ಇದನ್ನೇ.

ಮೂರರಲ್ಲಿ ದೊಡ್ಡದಾದ ಈಸೊಲಾ ಮಾದ್ರೆಗೆ ಒಂದು ಮರಕ್ಕಾಗಿಯೇ ಹೋಗಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಮಾಲಯದಿಂದ ಬಂದ ಬೀಜ ಅಲ್ಲಿ ಬೆಳೆದು, ನೀಲಿಬೂದಿ ಬಣ್ಣದ ಎಲೆಗಳನ್ನು ಜೋತುಬಿಟ್ಟ ಹೆಮ್ಮರವಾಯಿತು. ಕಾಶ್ಮೀರದ ಸೈಪ್ರೆಸ್ ಎಂದೇ ಹೆಸರು, ಆದರೆ ಅದರ ತವರು ಭೂತಾನ, ಅರುಣಾಚಲದ ಕಡೆ. 2006ರ ಬೇಸಿಗೆಯ ಬಿರುಗಾಳಿ ಅದನ್ನು ಬುಡಸಮೇತ ಕೆಡವಿತು. ಕಡಿದು ಸೌದೆ ಮಾಡಬಹುದಿತ್ತು, ಮಾಡಲಿಲ್ಲ. ಯಂತ್ರಗಳಿಂದ ಎತ್ತಿ ನಿಲ್ಲಿಸಿ ಉಕ್ಕಿನ ಹಗ್ಗಗಳಿಂದ ನಾಲ್ಕೂ ಕಡೆ ಬಿಗಿದರು. ಮರ ಬದುಕಿತು. ಮರ ಕಡಿಯುವ ಸುದ್ದಿ ಓದಿಯೋದಿ ಬೇಸತ್ತ ದೆಹಲಿಯವರು ಆ ಹಗ್ಗಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಒಂದೇ ದ್ವೀಪವೆಂದರೆ ನನ್ನ ಆಯ್ಕೆ ಪೆಸ್ಕಾತೋರಿ, ಅಂದರೆ ಬೆಸ್ತರದ್ದು. ಉದ್ದ ಮುನ್ನೂರೈವತ್ತು ಮೀಟರ್, ಅಗಲ ನೂರು ಮೀಟರ್ ಮಾತ್ರ. ಮೂರರಲ್ಲಿ ವರ್ಷವಿಡೀ ಜನ ನೆಲೆಸಿರುವ ಊರು ಇದೊಂದೇ, ಅವರೂ ಕೆಲವೇ ಮಂದಿ. ಕಿರಿದಾದ ಓಣಿಯ ಎರಡೂ ಬದಿ ಒತ್ತೊತ್ತಾಗಿ ಮನೆಗಳು, ಅವಕ್ಕೆ ಮೀನು ಒಣಹಾಕುತ್ತಿದ್ದ ಉದ್ದನೆಯ ಜಗಲಿಗಳು. ಶರತ್ಕಾಲದ ಮಳೆಗೆ ಸರೋವರ ಉಕ್ಕಿದರೆ ನೀರು ಬಾಗಿಲಿಗೇ ಬರುತ್ತದೆ, ಆ ಜನ ಅದಕ್ಕೆ ಒಗ್ಗಿಕೊಂಡೇ ಕಟ್ಟಿಕೊಂಡಿದ್ದಾರೆ. ಮಧ್ಯಾಹ್ನ ಪ್ರವಾಸಿಗಳ ನೂಕುನುಗ್ಗಲು. ಸಂಜೆ ಹೋಗಿ. ಗುಂಪುಗಳು ಹಿಂತಿರುಗಿದ ಮೇಲೆ ಅದು ಮತ್ತೆ ಊರಾಗುತ್ತದೆ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಮಾತ್ರ ಸ್ತ್ರೇಸಾದ ಕಟ್ಟೆಯಲ್ಲೇ ವಿಚಾರಿಸಿಕೊಂಡು ಹತ್ತಿ. ಹೊರಡುವ ಮುಂಚಿನ ಒಂದು ಭಾನುವಾರ ಮಕ್ಕಳಿಗೆ ಸಲೀಂಗಢದ ಗೋಡೆ ತೋರಿಸಿ. ಕೆಂಪುಕೋಟೆಗೆ ರಜೆ ಇರುವುದು ಸೋಮವಾರ.