ಚೆಂಡು ಹಿಡಿದ ಕೈ

ಆಟದ ಬಯಲಿಗೆ ಜಾತಿ ಇಲ್ಲವೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಪಲ್ವಾಂಕರ್ ಬಾಲೂ ಅವರ ಬಾಳನ್ನು ಬಲ್ಲವರು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಬಾಲೂ ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ. ಅಸ್ಪೃಶ್ಯರೆಂದು ಸಮಾಜ ದೂರವಿಟ್ಟಿದ್ದ ಚಮ್ಮಾರ ಕುಲ. ತಂದೆ ಸೈನ್ಯದ ನೌಕರಿಯಲ್ಲಿದ್ದವರು. ಬೆಳೆದದ್ದು ಪುಣೆಯಲ್ಲಿ. ಅಲ್ಲಿಯ ಐರೋಪ್ಯರ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲವನ್ನು ಉರುಳೆ ಎಳೆದು ಸಮಮಾಡುವುದು, ಗೆರೆ ಹಾಕುವುದು, ಬಲೆ ಕಟ್ಟುವುದು ಅವರ ಕೆಲಸ. ತಿಂಗಳಿಗೆ 4 ರೂಪಾಯಿ ಸಂಬಳ. ದೊರೆಗಳು ಬ್ಯಾಟಿಂಗ್ ಅಭ್ಯಾಸಕ್ಕೆ ಈ ತರುಣನಿಂದ ಚೆಂಡು ಎಸೆಯಿಸಿಕೊಳ್ಳುತ್ತಿದ್ದರು. ಅವನ ಕೈಗೆ ಬ್ಯಾಟನ್ನು ಮಾತ್ರ ಕೊಡುತ್ತಿರಲಿಲ್ಲ. ಬೀಸುವುದು ದೊರೆಗಳ ಹಕ್ಕು, ಬೆವರು ಸುರಿಸುವುದು ಸೇವಕನ ಪಾಲು! ಗಂಟೆಗಟ್ಟಲೆ ಎಸೆದೆಸೆದು ಆ ಎಡಗೈ ಪಳಗಿತು. ಚೆಂಡು ಅದರ ಮಾತು ಕೇಳತೊಡಗಿತು.

ಆಂಗ್ಲರನ್ನು ಸೋಲಿಸಬೇಕೆಂಬ ಹಂಬಲ ಪುಣೆಯ ಹಿಂದೂಗಳಲ್ಲಿ ಹುಟ್ಟಿದಾಗ ಈ ಕೈ ನೆನಪಾಯಿತು. ಕೆಲವರು ಮೂಗು ಮುರಿದರೂ ಬಾಲೂ ತಂಡವನ್ನು ಸೇರಿದರು. ಅವರು ಎಸೆದ ಚೆಂಡನ್ನು ಬಯಲಿನಲ್ಲಿ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಾಯಿತೆಂದರೆ ಬಾಲೂ ಹೊರಗೆ. ಅವರಿಗೆ ಬೇರೆ ಮಣ್ಣಿನ ಬಟ್ಟಲು, ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ನಮ್ಮ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆಯಂದು ಸಿದ್ದಪ್ಪಾಜಿಯ ಒಕ್ಕಲು ಜಾತಿಭೇದವೆಣಿಸದೆ ಒಟ್ಟಿಗೆ ಕುಳಿತು ಉಣ್ಣುತ್ತದೆ. ಹಳ್ಳಿಗರ ಭಕ್ತಿಗೆ ಒದಗಿದ ಈ ತಿಳಿವು ಇಂಗ್ಲಿಷ್ ಕಲಿತ ಆ ಆಟಗಾರರಿಗೆ ಏಕೆ ಒದಗಲಿಲ್ಲವೋ!

ದೂರದ ಅಮೆರಿಕದಲ್ಲಿಯೂ ಆಗ ಇಂಥದೇ ಕಥೆ. ಕಪ್ಪು ಜನಾಂಗದ ಮುಷ್ಟಿಮಲ್ಲ ಜಾಕ್ ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಹೆವಿವೇಟ್ ವರ್ಗದ ವಿಶ್ವವಿಜೇತನಾದನು. ಅದನ್ನು ಸಹಿಸದ ಬಿಳಿಯರು, ನಿವೃತ್ತನಾಗಿದ್ದ ಜೆಫ್ರೀಸ್‌ನನ್ನು ಮತ್ತೆ ಕಣಕ್ಕಿಳಿಸಿದರು. 1910ರಲ್ಲಿ ಅವನೂ ನೆಲಕಚ್ಚಿದನು. ಮುಷ್ಟಿಕಾಳಗದಲ್ಲಿ ಇದೊಂದು ಅನುಕೂಲವುಂಟು: ಎದುರಾಳಿ ಬಿದ್ದನೆಂದರೆ ತೀರ್ಪು ಮುಗಿಯಿತು. ತಂಡದ ಆಟದಲ್ಲಿ ಹಾಗಲ್ಲ. ಅಲ್ಲಿ ಗೆದ್ದುಕೊಟ್ಟವನೊಬ್ಬ, ನಾಯಕನನ್ನು ಆರಿಸುವವರು ಇನ್ನಾರೋ.

ಪುಣೆಯಿಂದ ಮುಂಬಯಿಗೆ ಬಂದ ಬಾಲೂ ಅಲ್ಲಿಯ ಹಿಂದೂ ತಂಡದ ಆಧಾರಸ್ತಂಭವೇ ಆದರು. 1911ರಲ್ಲಿ ಭಾರತ ತಂಡದೊಡನೆ ಇಂಗ್ಲೆಂಡಿಗೆ ಹೋಗಿ 114 ವಿಕೆಟುಗಳನ್ನು ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅವರ ವಿಕೆಟುಗಳನ್ನೆಣಿಸಿ ಹೊಗಳುವವರು ಈ ಸಂಗತಿಯನ್ನು ಹಾರಿಸಿಬಿಡುತ್ತಾರೆ. ನನಗಾದರೋ ಬೇರೆ ಬಟ್ಟಲಿಗಿಂತಲೂ ಇದೇ ಹಿರಿಯ ಅನ್ಯಾಯವೆಂದು ತೋರುತ್ತದೆ. ದಲಿತನ ಕೈಯ ಕುಶಲತೆ ಅವರಿಗೆ ಬೇಕು. ಅವನ ತಲೆಯ ತೀರ್ಮಾನಕ್ಕೆ ತಾವು ನಡೆದುಕೊಳ್ಳುವುದು ಮಾತ್ರ ಬೇಡ. ಬಟ್ಟಲಿನ ಭೇದ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಸಭ್ಯ ಕಾರಣಗಳ ಮುಸುಕು ಹೊದಿಸಬಹುದು.

ತಮ್ಮಂದಿರಾದ ವಿಠಲ, ಶಿವರಾಮರು ಸಹ ಒಳ್ಳೆಯ ಆಟಗಾರರೇ. 1920ರಲ್ಲಿ ಅವರು ಪ್ರತಿಭಟಿಸಿ ತಂಡದಿಂದ ಹಿಂದೆ ಸರಿದರು. ಆಗ ಬಾಲೂ ಅವರಿಗೆ ಉಪನಾಯಕನ ಸ್ಥಾನ ಬಂದಿತು. 1923ರಲ್ಲಿ ವಿಠಲರು ಹಿಂದೂ ತಂಡದ ನಾಯಕರಾದರು. ಅಷ್ಟರಲ್ಲಿ ಅಣ್ಣ ಆಟ ಬಿಟ್ಟಾಗಿತ್ತು.