ಓಬವ್ವ ನೀರಿಗೆ ಹೋದ ದಾರಿ

ನಮ್ಮ ಗುಡ್ಡದಂಚಿನ ಊರಿನ ಪ್ರೌಢಶಾಲೆಯ ಮಕ್ಕಳು ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋಗಿ ಬಂದರು. ಅವರು ಬರೆದ ಪ್ರವಾಸ ಕಥನಗಳನ್ನು ಓದಿ ನೋಡುವಂತೆ ಶಿಕ್ಷಕರೊಬ್ಬರು ನನ್ನ ಕೈಗಿತ್ತರು. ಏಳು ಸುತ್ತಿನ ಗೋಡೆ, ಮದ್ದು ಬೀಸುವ ಕಲ್ಲು, ಒನಕೆ ಓಬವ್ವನ ಕಿಂಡಿ, ಮದಕರಿನಾಯಕನ ಪತನ ಎಲ್ಲವೂ ಅವುಗಳಲ್ಲಿದ್ದವು. ಅಕ್ಕ-ತಂಗಿಯರ ಹೊಂಡವನ್ನೂ ಹಲವರು ಹೆಸರಿಸಿದ್ದರು. ಆದರೆ ಅದು, ದುರ್ಗ ಬಿದ್ದಾಗ ನಾಯಕನ ರಾಣಿಯರು ಅಲ್ಲಿ ಪ್ರಾಣ ಬಿಟ್ಟರೆಂಬ ಐತಿಹ್ಯದ ಕಾರಣಕ್ಕೆ ಮಾತ್ರ. ಆ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತದೆ, ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಬ್ಬರೂ ಬರೆದಿರಲಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಕೋಟೆಯೆಂದರೆ ಯುದ್ಧ ಎಂದೇ ನಾವು ಅವರಿಗೆ ಕಲಿಸಿದ್ದೇವೆ. ತ.ರಾ.ಸು. ಅವರ ಕಾದಂಬರಿಗಳಿಂದಲೂ 1972ರಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರದಿಂದಲೂ ದುರ್ಗದ ಶೌರ್ಯ ಕನ್ನಡಿಗರ ಮನೆಮಾತಾಯಿತು. ಆ ಋಣ ದೊಡ್ಡದು. ಆದರೆ ಓಬವ್ವನ ಕಥೆಯನ್ನೇ ಇನ್ನೊಮ್ಮೆ ನಿಧಾನವಾಗಿ ಕೇಳಿಕೊಳ್ಳೋಣ. ಕಾವಲುಗಾರನಾದ ಗಂಡ ಊಟಕ್ಕೆ ಬಂದಿದ್ದಾನೆ. ಮನೆಯಲ್ಲಿ ಕುಡಿಯುವ ನೀರಿಲ್ಲ. ನೀರು ತರಲು ಹೊರಟವಳಿಗೆ ಕಿಂಡಿಯೊಳಗಿಂದ ನುಸುಳಿ ಬರುತ್ತಿದ್ದ ಹೈದರಾಲಿಯ ಸೈನಿಕರ ಸದ್ದು ಕೇಳಿಸುತ್ತದೆ. ಅಂದರೆ ಆಕೆಯನ್ನು ಅಲ್ಲಿಗೆ ಕರೆದೊಯ್ದದ್ದು ಯುದ್ಧವಲ್ಲ, ನೀರು. ಆ ಕಿಂಡಿಯ ಸಮೀಪದಲ್ಲೇ ತಣ್ಣೀರು ದೋಣಿ ಇಂದಿಗೂ ಇದೆ. ಪ್ರವಾಸಿಗರು ಕಿಂಡಿಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ದೋಣಿಯ ಕಡೆ ತಿರುಗಿ ನೋಡುವವರು ವಿರಳ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಈ ಕೋಟೆ ಮೊದಲಿಗೆ ಒಂದು ಜಲಾನಯನ ಪ್ರದೇಶವಾಗಿ ಕಾಣುತ್ತದೆ. ಚಿತ್ರದುರ್ಗ ಜಿಲ್ಲೆಯ ಸರಾಸರಿ ವಾರ್ಷಿಕ ಮಳೆ 600 ಮಿ.ಮೀ.ಗಿಂತ ಕಡಿಮೆ. ಅದೂ ಕೆಲವೇ ದಿನಗಳಲ್ಲಿ ಸುರಿದು ಮುಗಿಯುವಂಥದ್ದು. ಇಂಥಲ್ಲಿ ಬೆಟ್ಟದ ಮೇಲೆ ಸೈನ್ಯ, ಅರಮನೆ, ದೇವಾಲಯ, ದನಕರುಗಳೆಲ್ಲವೂ ಬದುಕಿದ್ದು ಹೇಗೆ? ಉತ್ತರ ಬಂಡೆಯಲ್ಲಿದೆ. ಒಂದು ಹೆಕ್ಟೇರ್ ಬಂಡೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಎರಡೂವರೆ ಲಕ್ಷ ಲೀಟರ್ ನೀರು. ಉತ್ತ ಹೊಲದಲ್ಲಾದರೆ ಇದರ ಬಹುಭಾಗವನ್ನು ಮಣ್ಣು ಕುಡಿದುಬಿಡುತ್ತದೆ. ಬೋಳು ಬಂಡೆ ಅದನ್ನು ಹರಿಯಬಿಡುತ್ತದೆ. ಅರ್ಧದಷ್ಟನ್ನು ಹಿಡಿದರೂ ಒಂದೇ ಹದಮಳೆಗೆ ಒಂದೂಕಾಲು ಲಕ್ಷ ಲೀಟರ್. ಬೆಳೆಗೆ ಬಾರದ ಬಂಡೆಯನ್ನು ನೀರು ಬೆಳೆಯುವ ಹೊಲವನ್ನಾಗಿ ಕಂಡದ್ದೇ ದುರ್ಗದವರ ಜಾಣ್ಮೆ.

ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದರೆ ಅಕ್ಕ-ತಂಗಿಯರ ಹೊಂಡ. ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಕೊನೆಗೆ ಪೇಟೆಯ ನಡುವಿನ ಸಂತೆಹೊಂಡ. ಮೇಲಿನವರ ಪಾತ್ರೆ ತುಂಬಿದ ಮೇಲೆ ಕೆಳಗಿನವರಿಗೆ. ಎಲ್ಲಿಯೂ ಯಂತ್ರವಿಲ್ಲ, ಇಳಿಜಾರೊಂದೇ ಆಧಾರ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಮದಕರಿನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಗೋಡೆಗಳ ಕೆಲಸ ಅಂದಿಗೆ ಮುಗಿಯಿತು. ಹೊಂಡಗಳ ಕೆಲಸ ಮುಗಿದಿಲ್ಲ. ಮಳೆ ಬಂದಾಗಲೆಲ್ಲ ಅವು ತಮ್ಮ ಪಾಡಿಗೆ ತುಂಬುತ್ತಲೇ ಇವೆ.

ನಾಯಕರ ಕಾಲ ಸುವರ್ಣಯುಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಅವರು ನೀರು ಕೂಡಿಟ್ಟದ್ದು ಬಹುಮಟ್ಟಿಗೆ ಮುತ್ತಿಗೆಯ ಭಯದಿಂದ. ಹೊಂಡಗಳಿಗಾಗಿ ಬಂಡೆ ಸೀಳಿದ ಕೈಗಳ ಹೆಸರನ್ನು ನಾವು ಯಾರೂ ಹೇಳುವುದಿಲ್ಲ. ಆದರೂ 1689ರಿಂದ 1721ರವರೆಗೆ ಆಳಿದ ಭರಮಣ್ಣನಾಯಕನನ್ನು ಜನ ಇಂದಿಗೂ ನೆನೆಯುವುದು ಗೆದ್ದ ಕಾಳಗಗಳಿಗಾಗಿ ಮಾತ್ರವಲ್ಲ, ಕಟ್ಟಿಸಿದ ಕೆರೆಗಳಿಗಾಗಿಯೂ ಹೌದು. ಕೋಟೆಯ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ಇದಕ್ಕಿಂತ ಹಳೆಯ ಸಾಕ್ಷಿಯಿದೆ. ಕ್ರಿ.ಶ. 4ನೆಯ ಶತಮಾನದ ಕದಂಬ ಮಯೂರಶರ್ಮನ ಶಾಸನ ಆತ ಗೆದ್ದ ನಾಡುಗಳನ್ನು ಪಟ್ಟಿ ಮಾಡುತ್ತದೆ, ನಿಜ. ಆದರೆ ಆ ಶಾಸನ ಹುಟ್ಟಿದ್ದು ಒಂದು ಕೆರೆಯ ನೆಪದಿಂದ. ಅರಸನೇ ತನ್ನ ಗೆಲುವುಗಳನ್ನು ಕೆರೆಯ ದಂಡೆಯಲ್ಲಿ ಬರೆಸಿದ್ದಾನೆ. ನಾವು ಗೆಲುವನ್ನು ಓದಿ ಕೆರೆಯನ್ನು ಬಿಟ್ಟೆವು.

ಈ ಮರೆವು ನಮ್ಮೊಬ್ಬರದೇ ಅಲ್ಲ. ರಾಜಸ್ಥಾನದ ಚಿತ್ತೋರಗಢದಲ್ಲಿ ಒಂದು ಕಾಲಕ್ಕೆ ಎಂಬತ್ತನಾಲ್ಕು ಜಲಾಶಯಗಳಿದ್ದವೆಂದು ಹೇಳುತ್ತಾರೆ, ಉಳಿದಿರುವುದು ಇಪ್ಪತ್ತೆರಡರಷ್ಟು. ಅಲ್ಲಿಗೆ ಹೋದವರಿಗೂ ಮೊದಲು ಕೇಳಿಸುವುದು ಕಾಳಗ ಮತ್ತು ಜೌಹರಿನ ಕಥೆ.

ಇದರಿಂದ ಆಗುವ ನಷ್ಟವೇನು ಎಂದು ಕೇಳಬಹುದು. ನಷ್ಟ ಕಣ್ಣ ಮುಂದೆಯೇ ಇದೆ. ದುರ್ಗದ ಬುಡದಲ್ಲಿರುವ ನಗರ ಇಂದು ಕುಡಿಯುವುದು ದೂರದ ಸೂಳೆಕೆರೆಯಿಂದಲೂ ನಮ್ಮ ಮಾರಿಕಣಿವೆಯಿಂದಲೂ ಕೊಳವೆಗಳಲ್ಲಿ ಬರುವ ನೀರನ್ನು. ಊರ ಮಧ್ಯದ ಸಂತೆಹೊಂಡದ ನೀರನ್ನು ಕುಡಿಯುವವರಿಲ್ಲ. ಸಿಹಿನೀರು ಹೊಂಡದಲ್ಲಿ ‘ಸಿಹಿ’ ಎಂಬುದು ಹೆಸರಿನಲ್ಲಷ್ಟೇ ಉಳಿದಿದೆ.

ಹಾಗಾದರೆ ಮಾರಿಕಣಿವೆ ನಮ್ಮನ್ನು ಕಾಯುತ್ತದೆಯೇ? ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ನಡುವೆ ಕಟ್ಟಿದ ವಾಣಿವಿಲಾಸ ಸಾಗರವೂ ತತ್ತ್ವದಲ್ಲಿ ದುರ್ಗದ ಹೊಂಡವೇ. ಕಲ್ಲಿನ ನಡುವಿನ ಇಕ್ಕಟ್ಟು, ಅದಕ್ಕೆ ಒಂದು ಗೋಡೆ, ಹಿಂದೆ ವಿಶಾಲವಾದ ಜಲಾನಯನ. ಸುಮಾರು 30 ಟಿಎಂಸಿ ನೀರು ಹಿಡಿಯಬಲ್ಲ ಈ ಜಲಾಶಯ 1933ರಲ್ಲಿ ಕೋಡಿ ಹರಿಯಿತು. ಮತ್ತೆ ಕೋಡಿ ಹರಿಯಲು 2022ರ ಸೆಪ್ಟೆಂಬರ್ ಬರಬೇಕಾಯಿತು: 89 ವರ್ಷ! ಈ ಅವಧಿಯಲ್ಲಿ ಅಣೆಕಟ್ಟಿನ ಕಲ್ಲು ಸಡಿಲಾಗಿರಲಿಲ್ಲ. ಆದರೆ ಮೇಲಿನ ಹಳ್ಳಗಳು ಸೊರಗಿದವು, ಕೊಳವೆಬಾವಿಗಳು ಆಳಕ್ಕಿಳಿದವು. 2025ರ ಜನವರಿಯಲ್ಲಿ ಅದು ಮತ್ತೆ ತುಂಬಿ ಹರಿದಾಗ ಸಂಭ್ರಮಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ನೀರಿನಲ್ಲಿ ಭದ್ರೆಯಿಂದ ಎತ್ತಿ ತಂದ ಪಾಲೂ ಇತ್ತೆಂಬುದನ್ನು ಮರೆಯಲಾಗದು. ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ನೀರು ಕೊಡುವುದು ಗೋಡೆಯಲ್ಲ, ಅದರ ಹಿಂದಿನ ಗುಡ್ಡ.

ಸ್ಮಾರಕಗಳ ರಕ್ಷಣೆಯಲ್ಲಿ ಈ ಮಾತು ಇನ್ನೂ ನಮಗೆ ಹೊಳೆದಂತಿಲ್ಲ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಕಲ್ಲುಗೋಡೆಗೆ ಈ ಅಳತೆ ಸಾಕಾಗಬಹುದು. ನೀರಿಗೆ ಮೀಟರ್ ಪಟ್ಟಿ ತಿಳಿಯದು. ಹೊಂಡವನ್ನು ಸ್ಮಾರಕವೆಂದು ಒಪ್ಪಿದ ಮೇಲೆ ಅದಕ್ಕೆ ನೀರು ತರುವ ಪ್ರತಿ ಇಳಿಜಾರು, ಪ್ರತಿ ಕಾಲುವೆಯೂ ಆ ಸ್ಮಾರಕದ ಅಂಗವೇ ಆಗುತ್ತದೆ. ಹೊಂಡದ ಹೂಳೆತ್ತಿ, ಮೆಟ್ಟಿಲು ದುರಸ್ತಿ ಮಾಡಿ, ನೀರಿನ ದಾರಿಯನ್ನು ಮಾತ್ರ ಮುಚ್ಚಿಬಿಟ್ಟರೆ ಉಳಿಯುವುದು ಒಂದು ಸುಂದರವಾದ ಗುಂಡಿ.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿಯೂ ಪಾಲಕರಲ್ಲಿಯೂ ನನ್ನದೊಂದು ಬಿನ್ನಹ. ಮಕ್ಕಳನ್ನು ಕೋಟೆಗೆ ಕರೆದೊಯ್ಯಿರಿ. ಆದರೆ ಡಿಸೆಂಬರಿನಲ್ಲಿ ಮಾತ್ರವಲ್ಲ, ಒಮ್ಮೆ ಮಳೆ ಬಿಟ್ಟ ಮರುದಿನ, ಜಾರುವ ಬಂಡೆಗಳ ಬಗ್ಗೆ ಎಚ್ಚರ ವಹಿಸಿ, ಕರೆದೊಯ್ಯಿರಿ. ಬಾಗಿಲಿನಿಂದ ಬಾಗಿಲಿಗೆ ನಡೆಸುವ ಬದಲು ಗೋಪಾಲಸ್ವಾಮಿ ಹೊಂಡದಿಂದ ಸಂತೆಹೊಂಡದವರೆಗೆ ನೀರಿನ ಜೊತೆಯಲ್ಲೇ ಇಳಿಸಿರಿ. ಎಲ್ಲಿ ಹರಿಯುತ್ತಿದೆ, ಎಲ್ಲಿ ತಡೆದಿದೆ, ಎಲ್ಲಿ ಕೊಳೆತಿದೆ ಎಂದು ಅವರೇ ಬರೆಯಲಿ. ಊರಿಗೆ ಬಂದ ಮೇಲೆ ತಮ್ಮ ಕೆರೆಯ ಮೇಲಿನ ಗುಡ್ಡವನ್ನೂ ಹಾಗೆಯೇ ಹತ್ತಿ ನೋಡಲಿ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ನಡುವೆ ಹಬ್ಬಿರುವ ಮಾರಿಕಣಿವೆಯ ಕಾಡು ತಮಗೆ ಏನಾಗಬೇಕೆಂಬುದು ಆಗ ಅವರಿಗೆ ತಾನಾಗಿ ತಿಳಿಯುತ್ತದೆ.

ಓಬವ್ವನ ಒನಕೆಯನ್ನು ನಾವು ಮರೆತಿಲ್ಲ, ಮರೆಯುವುದೂ ಬೇಡ. ಅಂದು ಆಕೆಯ ಇನ್ನೊಂದು ಕೈಯಲ್ಲಿ ಇದ್ದಿರಬಹುದಾದ ಕೊಡವನ್ನೂ ನೆನಪಿಟ್ಟುಕೊಳ್ಳೋಣ. ಒನಕೆ ಹಿಡಿಯುವ ಸಂದರ್ಭ ನಮ್ಮ ಮಕ್ಕಳಿಗೆ ಬಾರದಿರಲಿ. ಕೊಡ ಹಿಡಿದು ನಿಲ್ಲುವ ದಿನ ಮಾತ್ರ ದೂರವಿಲ್ಲ.