ಮಗಳ ಚಿತ್ರವೂ ಸೊತ್ತೇ



ಭೂಸನೂರಿನ ಮನೆಯಲ್ಲಿ ಕುಳಿತು ನಿಮ್ಮ ಮಗಳು ಒಂದು ಪುಟ್ಟ ಆನ್‌ಲೈನ್ ಆಟಕ್ಕೆ ಚಿತ್ರ ಬಿಡಿಸಿಕೊಟ್ಟಳು ಎಂದುಕೊಳ್ಳಿ. ಕೆಲವೇ ದಿನಗಳಲ್ಲಿ ಅದೇ ಕೋಟೆ, ಅದೇ ಕುದುರೆ ಬೇರೊಬ್ಬರ ಆಟದಲ್ಲಿ! "ಇಂಟರ್‌ನೆಟ್ಟಿಗೆ ಹೋದದ್ದು ಎಲ್ಲರದೂ, ಬಿಡು" ಎಂದು ಮನೆಯವರೇ ಆಕೆಯ ಬಾಯಿ ಮುಚ್ಚಿಸುತ್ತಾರೆ. ಹೊಲದ ತೊಗರಿ ಕದ್ದರೆ ಹರಾಮ್ ಎನ್ನುವವರೂ ನಾವೇ.

1957ರ ಕಾಪಿರೈಟ್ ಕಾಯ್ದೆಯಂತೆ ಸ್ವಂತ ಚಿತ್ರದ ಹಕ್ಕು ಬಿಡಿಸಿದಾಗಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆಕೆಯ ಜೀವಮಾನವಿಡೀ, ನಂತರವೂ 60 ವರ್ಷ ಅದು ಉಳಿಯುತ್ತದೆ. ಬೀದರಿನ ಬಿದ್ರಿ ಕೆಲಸದ ಹಳೆಯ ಹೂಬಳ್ಳಿ ಯಾರೊಬ್ಬರದೂ ಅಲ್ಲ, ನಿಜ. ಆದರೆ ಅದನ್ನು ನೋಡಿ ಆಕೆ ತನ್ನದೇ ರೀತಿಯಲ್ಲಿ ಬಿಡಿಸಿದ ಚಿತ್ರ ಆಕೆಯದು. ಸಂಬಳದ ನೌಕರಿಯಲ್ಲಿ ಬಿಡಿಸಿದ್ದು ಮಾತ್ರ ಸಾಮಾನ್ಯವಾಗಿ ಮಾಲಿಕರಿಗೆ ಸೇರುತ್ತದೆ.

ಹಕ್ಕು ಬಿಟ್ಟುಕೊಡುವುದಾದರೆ ಬರವಣಿಗೆ ಮತ್ತು ಸಹಿ ಬೇಕೇ ಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಎಣಿಸುತ್ತದೆ. ಆದ್ದರಿಂದ ಬಾಯಿಮಾತಿನ ನಂಬಿಕೆ ಸಾಲದು, ಅವರು ನೆಂಟರೇ ಆಗಿರಲಿ. ಮೊದಲ ಗೀಚಿನಿಂದ ಹಿಡಿದು ಮೂಲ ಫೈಲುಗಳನ್ನೆಲ್ಲ ದಿನಾಂಕ ಸಹಿತ ಜೋಪಾನ ಮಾಡಲಿ.

ಕದ್ದದ್ದು ಕಂಡರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಬಳಿಕ ಆಟ ಸಿಗುವ ಆ್ಯಪ್ ಸ್ಟೋರಿಗೆ ಲಿಖಿತ ದೂರು ಕೊಡಿ. ಅದಕ್ಕೂ ಮುಂಚೆ ಫೋನ್ ಮಾಡಿ ಬೈದರೆ ಆತ ಎಲ್ಲವನ್ನೂ ಅಳಿಸಿ ಕೈತೊಳೆದುಕೊಂಡಾನು.